ಮ್ಯಾವರಿಕ್: ಹೈಬ್ರಿಡ್ ತಗೊಳ್ಳೋದಾ, ಟರ್ಬೋ ತಗೊಳ್ಳೋದಾ?

ಫೋರ್ಡ್ ಕಂಪನಿಯ ಚಿಕ್ಕ ಪಿಕಪ್ ಟ್ರಕ್ ಮ್ಯಾವರಿಕ್ ತಗೋಬೇಕು ಅಂತ ಹೊರಟವರೆಲ್ಲ ಕೊನೆಗೆ ಈ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರೂ ಇರುವ ಹೈಬ್ರಿಡ್ಡಾ, ಇಲ್ಲ ಬರೀ ಪೆಟ್ರೋಲ್ ಟರ್ಬೋನಾ? ನನ್ನ ಹತ್ತಿರ ಇರುವುದು 2023ರ ಹೈಬ್ರಿಡ್, ಫ್ರಂಟ್ ವೀಲ್ ಡ್ರೈವ್, ಓಡುವುದು ನ್ಯೂಜೆರ್ಸಿಯ ಟ್ರಾಫಿಕ್‌ನಲ್ಲಿ. ನಮ್ಮ ಭಾವ ಡೆನ್ವರ್ ಹತ್ತಿರ ಇದ್ದಾರೆ, ಅವರದು 2.0 ಲೀಟರ್ ಇಕೋಬೂಸ್ಟ್ ಟರ್ಬೋ, ಆಲ್ ವೀಲ್ ಡ್ರೈವ್. ಅವರ ಮನೆಗೆ ಹೋದಾಗೆಲ್ಲ ಕೀ ನನ್ನ ಕೈಯಲ್ಲೇ ಇರುತ್ತದೆ, ಹಾಗಾಗಿ ಎರಡರ ಗುಣಾನೂ ಗೊತ್ತು, ಎರಡರ ಕಿರಿಕಿರಿಯೂ ಗೊತ್ತು.

ಮೊದಲೇ ಹೇಳಿಬಿಡ್ತೀನಿ. ಊರೊಳಗೆ, ಸಿಗ್ನಲ್‌ಗಳ ಮಧ್ಯೆ ಓಡಾಟ ಜಾಸ್ತಿ ಇದ್ದರೆ ಹೈಬ್ರಿಡ್. ದಿನಾ ಹೈವೇನೇ ಆದರೆ, ಬೆಟ್ಟ ಹತ್ತುವುದಿದ್ದರೆ, ಟ್ರೇಲರ್ ಎಳೆಯುವುದಿದ್ದರೆ ಟರ್ಬೋ. ಹಾರ್ಸ್‌ಪವರ್ ಪಟ್ಟಿ ನೋಡಿಕೊಂಡು ತಲೆ ಕೆಡಿಸಿಕೊಳ್ಳುವುದು ಆಮೇಲೆ, ಮೊದಲು ನಿಮ್ಮ ರಸ್ತೆ ಯಾವುದು ಅಂತ ನೋಡಿಕೊಳ್ಳಿ.

ಆದರೂ ಅಂಕಿಗಳನ್ನು ಹೇಳಲೇಬೇಕು. ಹೈಬ್ರಿಡ್‌ನಲ್ಲಿ ಇರುವುದು 2.5 ಲೀಟರ್ ಅಟ್ಕಿನ್ಸನ್ ಎಂಜಿನ್ (ಇಂಧನ ಉಳಿಸುವ ವಿನ್ಯಾಸದ್ದು), ಮೋಟರ್ ಸೇರಿ 191 ಹಾರ್ಸ್‌ಪವರ್. ಟರ್ಬೋ 250 ಹಾರ್ಸ್‌ಪವರ್, 277 ಪೌಂಡ್-ಫೀಟ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಆ 250 ಪ್ರೀಮಿಯಂ ಗ್ಯಾಸ್ (ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಅಂತಾರೆ) ಹಾಕಿದಾಗಿನ ಲೆಕ್ಕ, ರೆಗ್ಯುಲರ್ ಹಾಕಿದರೆ 238 ಅಂತ ಫೋರ್ಡ್ ತಾನೇ ಆಮೇಲೆ ಹೇಳಿತು. 2022ರ ಮಾಡೆಲ್ ಆಗಿ ಈ ಟ್ರಕ್ ಬಂದಾಗ ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಕೊಟ್ಟ ಮೈಲೇಜ್, ಗ್ಯಾಲನ್‌ಗೆ ಎಷ್ಟು ಮೈಲಿ ಅನ್ನುವ ಲೆಕ್ಕದಲ್ಲಿ, ಹೀಗಿತ್ತು: ಹೈಬ್ರಿಡ್‌ಗೆ ಸಿಟಿಯಲ್ಲಿ 42, ಹೈವೇಯಲ್ಲಿ 33. ಆಲ್ ವೀಲ್ ಟರ್ಬೋಗೆ ಸಿಟಿಯಲ್ಲಿ 22, ಹೈವೇಯಲ್ಲಿ 29. ಇಡೀ ಕಥೆ ಈ ನಾಲ್ಕು ಅಂಕಿಯಲ್ಲೇ ಇದೆ. ಸಿಟಿಯಲ್ಲಿ ಹೆಚ್ಚುಕಮ್ಮಿ ಎರಡರಷ್ಟು ವ್ಯತ್ಯಾಸ, ಹೈವೇಯಲ್ಲಿ ಬರೀ ನಾಲ್ಕು.

ದುಡ್ಡಿನಲ್ಲಿ ನೋಡೋಣ. ವರ್ಷಕ್ಕೆ 12,000 ಮೈಲಿ, ಗ್ಯಾಲನ್ 3.25 ಡಾಲರ್ ಅಂತ ಇಟ್ಟುಕೊಳ್ಳಿ. ಪೂರ್ತಿ ಸಿಟಿ ಓಡಾಟವಾದರೆ ಹೈಬ್ರಿಡ್ ವರ್ಷಕ್ಕೆ ಸುಮಾರು 840 ಡಾಲರ್ ಉಳಿಸುತ್ತದೆ. ಪೂರ್ತಿ ಹೈವೇ ಆದರೆ ಉಳಿಯುವುದು 160 ಡಾಲರ್, ಅಷ್ಟೇ. ಅಂದರೆ ತಿಂಗಳಿಗೆ ಹದಿಮೂರು ಡಾಲರ್! ಅಷ್ಟಕ್ಕೋಸ್ಕರ ನಿಮಗೆ ಇಷ್ಟವಿಲ್ಲದ ಎಂಜಿನ್ ಇಟ್ಟುಕೊಳ್ಳುವುದು ಯಾಕೆ? ಇನ್ನು ಡೀಲರ್‌ಗಳ ಆಟ ಬೇರೆ ಇದೆ. ನಾನು ಹುಡುಕುತ್ತಿದ್ದಾಗ ಒಬ್ಬ ಡೀಲರ್ ಹೈಬ್ರಿಡ್‌ಗೆ ‘ಮಾರ್ಕೆಟ್ ಅಡ್ಜಸ್ಟ್‌ಮೆಂಟ್’ ಅಂತ ಒಂದು ಚೀಟಿ ಅಂಟಿಸಿ ಮೂರು ಸಾವಿರ ಜಾಸ್ತಿ ಕೇಳಿದ, ಯಾಕಪ್ಪಾ ಅಂದರೆ ಡಿಮ್ಯಾಂಡ್ ಇದೆ ಸಾರ್ ಅಂದ. ಸಿಟಿ, ಹೈವೇ ಎರಡೂ ಸೇರಿದ ಸಾಮಾನ್ಯ ಓಡಾಟದಲ್ಲಿ ವರ್ಷಕ್ಕೆ 500 ಡಾಲರ್ ಉಳಿಯುತ್ತದೆ ಅಂದುಕೊಂಡರೂ ಆರು ವರ್ಷದ ಉಳಿತಾಯವನ್ನು ಆ ಚೀಟಿಯೇ ನುಂಗಿಹಾಕುತ್ತದೆ. ಅಲ್ಲಿಂದ ಎದ್ದು ಬಂದೆ. ನೀವೂ ಎದ್ದು ಬನ್ನಿ.

ಹೈಬ್ರಿಡ್ ಸಿಟಿಯಲ್ಲಿ ಯಾಕೆ ಅಷ್ಟು ಕಮ್ಮಿ ಕುಡಿಯುತ್ತದೆ ಅನ್ನುವುದು ಓಡಿಸಿದರೆ ಗೊತ್ತಾಗುತ್ತದೆ. ಬ್ರೇಕ್ ಒತ್ತಿದಾಗೆಲ್ಲ ಮೋಟರ್ ಉಲ್ಟಾ ಕೆಲಸ ಮಾಡಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ, ಸಿಗ್ನಲ್‌ನಲ್ಲಿ ಎಂಜಿನ್ ಆಫ್, ಹಸಿರು ಬಂದಾಗ ಸದ್ದಿಲ್ಲದೆ ಬ್ಯಾಟರಿ ಮೇಲೇ ಮುಂದಕ್ಕೆ ಸರಿಯುತ್ತದೆ, ಸ್ವಲ್ಪ ದೂರ ಹೋದಮೇಲೆ ಎಂಜಿನ್ ಬಂದು ಸೇರಿಕೊಳ್ಳುತ್ತದೆ. ಬ್ಯಾಟರಿ ಬರೀ 1.1 ಕಿಲೋವ್ಯಾಟ್-ಅವರ್, ಪ್ಲಗ್ ಚುಚ್ಚುವ ಕೆಲಸವೇ ಇಲ್ಲ. ಮೆಲ್ಲಗೆ ಬ್ರೇಕ್ ಹಾಕಿದರೆ ಎಷ್ಟು ವಾಪಸ್ ಬಂತು ಅಂತ ಡ್ಯಾಶ್‌ಬೋರ್ಡ್ ಪರ್ಸೆಂಟ್‌ನಲ್ಲಿ ಮಾರ್ಕ್ಸ್ ಕೊಡುತ್ತದೆ. ನೂರಕ್ಕೆ ನೂರು ತಗೊಳ್ಳುವ ಹುಚ್ಚು ಹತ್ತಿತು ಅಂದರೆ ಹಿಂದಿನ ಕಾರಿನವರ ಹಾರ್ನ್ ಕೂಡ ಕೇಳಿಸುವುದಿಲ್ಲ. ಬೇಸಿಗೆಯಲ್ಲಿ ಊರೊಳಗೆ ನನ್ನ ಗಾಡಿ 45 ದಾಟಿಸುತ್ತದೆ. ಇದು ಪಿಕಪ್ ಟ್ರಕ್ ಸ್ವಾಮಿ, ಕಾರಲ್ಲ.

ಹೈವೇಗೆ ಬಂದರೆ ಈ ಜಾದೂ ನಿಂತುಹೋಗುತ್ತದೆ. ಅಲ್ಲಿ ಬ್ರೇಕೇ ಒತ್ತುವುದಿಲ್ಲ, ವಾಪಸ್ ಬರುವುದೇನು? ಎಂಜಿನ್ ಒಂದೇ ದುಡಿಯಬೇಕು, ಟ್ರಕ್ಕಿನ ಚಪ್ಪಟೆ ಮೂತಿ ಗಾಳಿಯನ್ನು ತಳ್ಳಬೇಕು. ಗಂಟೆಗೆ 75 ಮೈಲಿಯಲ್ಲಿ ಹೋದರೆ ಆ 33 ಕೂಡ ಸಿಗುವುದಿಲ್ಲ.

ಚಳಿಗಾಲದಲ್ಲೂ ಇದೇ ಗೋಳು. ಒಳಗೆ ಹೀಟರ್ ಬೇಕು ಅಂದರೆ ಎಂಜಿನ್ ಬಿಸಿಯಾಗಿ ಓಡುತ್ತಿರಬೇಕು, ಹಾಗಾಗಿ ಸಿಗ್ನಲ್‌ನಲ್ಲೂ ಅದು ಆಫ್ ಆಗಲ್ಲ. ಸಿಟಿ ಓಡಾಟದಲ್ಲಿ, 77 ಡಿಗ್ರಿ ಫ್ಯಾರನ್‌ಹೀಟ್‌ಗೆ ಹೋಲಿಸಿದರೆ 20 ಡಿಗ್ರಿಯಲ್ಲಿ ಸಾಮಾನ್ಯ ಗ್ಯಾಸ್ ಗಾಡಿಯ ಮೈಲೇಜ್ ಸುಮಾರು 15 ಪರ್ಸೆಂಟ್ ಬಿದ್ದರೆ, ಹೈಬ್ರಿಡ್‌ದು 30ರಿಂದ 34 ಪರ್ಸೆಂಟ್ ಬೀಳಬಹುದು ಅಂತ ಅಮೆರಿಕ ಸರ್ಕಾರದ ಫ್ಯೂಯಲ್ ಎಕಾನಮಿ ಜಾಲತಾಣವೇ ಹೇಳುತ್ತದೆ. ಮಿನೆಸೋಟದಲ್ಲಿ ಇರುವವರು ಮೇಲಿನ 840 ಡಾಲರ್ ಲೆಕ್ಕವನ್ನು ಸ್ವಲ್ಪ ಕಮ್ಮಿ ಮಾಡಿಕೊಳ್ಳಿ.

ಈಗ ಭಾವನ ಗಾಡಿ. ಡೆನ್ವರ್‌ನಿಂದ ಐ-70 ಹೈವೇ ಹಿಡಿದು ಐಸೆನ್‌ಹವರ್ ಟನೆಲ್ ಕಡೆಗೆ ಹತ್ತುವಾಗ ಟರ್ಬೋ ಬೆಲೆ ಗೊತ್ತಾಯಿತು. ಆ ಟನೆಲ್ ಇರುವುದು 11,000 ಅಡಿ ಮೇಲೆ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ, ಟರ್ಬೋ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಟನೆಲ್ ಹತ್ತಿರ ಬರುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಹೋಯ್ತು. ಟರ್ಬೋ ಗಾಳಿಯನ್ನು ತಾನೇ ಒತ್ತಿ ತುಂಬುವುದರಿಂದ ಅಷ್ಟು ಸೋಲುವುದಿಲ್ಲ. ಹೈಬ್ರಿಡ್‌ನ ಮೋಟರ್‌ಗೆ ಗಾಳಿ ಬೇಡ ನಿಜ, ಆದರೆ ಉದ್ದದ ಏರಿನಲ್ಲಿ ಅಷ್ಟು ಚಿಕ್ಕ ಬ್ಯಾಟರಿ ಎಷ್ಟು ಹೊತ್ತು ಬಂದೀತು? ಐದು ಜನ ಕೂತು, ಹಿಂದೆ ಸಾಮಾನು ತುಂಬಿ, ಎಡಗಡೆ ಲೇನ್‌ಗೆ ಹೋಗಿ ಸೆಮಿ ಟ್ರಕ್ಕನ್ನು ದಾಟುವಾಗ ಭಾವನ ಗಾಡಿ ಒಂದು ಗೇರ್ ಇಳಿಸಿ ಎಳೆದುಕೊಂಡು ಹೋಯಿತು, ಅಷ್ಟೇ. ಒಂದು ಮಾತು, ಕೊಲೊರಾಡೋದಲ್ಲಿ ರೆಗ್ಯುಲರ್ ಅಂತ ಮಾರುವುದು 85 ಆಕ್ಟೇನ್ (ಪೆಟ್ರೋಲಿನ ದರ್ಜೆ ಹೇಳುವ ನಂಬರ್). ಟರ್ಬೋ ಎಂಜಿನ್‌ಗೆ ಅದನ್ನು ಹಾಕಬೇಡಿ, ಕಡೇಪಕ್ಷ 87 ಬೇಕು. ಬಾಡಿಗೆ ಗಾಡಿ ತಗೊಂಡವರು ಪಂಪ್ ಮೇಲಿನ ನಂಬರ್ ನೋಡದೆ ಅಗ್ಗದ್ದನ್ನೇ ಒತ್ತಿಬಿಡ್ತಾರೆ.

ಇನ್ನು ಸದ್ದು. ಹೈಬ್ರಿಡ್‌ನಲ್ಲಿ ಇ-ಸಿವಿಟಿ ಅನ್ನುವ ಟ್ರಾನ್ಸ್‌ಮಿಷನ್, ಗೇರ್ ಬದಲಾಗುವುದು ಅಂತ ಇಲ್ಲ. ಹೈವೇಗೆ ಸೇರುವಾಗ ಕಾಲು ಪೂರ್ತಿ ಒತ್ತಿದರೆ ಎಂಜಿನ್ ಮೇಲಕ್ಕೆ ಹೋಗಿ ಅಲ್ಲೇ ನಿಂತು ಮಿಕ್ಸಿಯ ಹಾಗೆ ಒಂದೇ ಸಮ ಕೂಗುತ್ತದೆ. ನನಗೆ ಅಭ್ಯಾಸ ಆಗಿದೆ, ಹೆಂಡತಿಗೆ ಇನ್ನೂ ಆಗಿಲ್ಲ. ಟರ್ಬೋದಲ್ಲಿ 8 ಗೇರಿನ ಮಾಮೂಲಿ ಆಟೋಮ್ಯಾಟಿಕ್, ಸದ್ದೂ ಮಾಮೂಲಿ. ಆದರೆ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ ಅದು ಒಂದು, ಎರಡು, ಮತ್ತೆ ಒಂದು ಅಂತ ಸಣ್ಣಗೆ ಜಗ್ಗುತ್ತದೆ. ಅಲ್ಲಿ ಹೈಬ್ರಿಡ್‌ನ ನಯ ಇನ್ಯಾವುದಕ್ಕೂ ಇಲ್ಲ.

ಎಳೆಯುವ ವಿಷಯದಲ್ಲಿ ಜನ ತುಂಬಾ ಎಡವುತ್ತಾರೆ. ಜನ, ಸಾಮಾನು ಎಲ್ಲ ಸೇರಿ ಗಾಡಿ ಹೊರುವ ಭಾರ ಎರಡಕ್ಕೂ ಸುಮಾರು 1,500 ಪೌಂಡ್, ಅಲ್ಲಿ ಜಗಳ ಇಲ್ಲ. ಟ್ರೇಲರ್‌ಗೆ ಮಾತ್ರ ಹೈಬ್ರಿಡ್ ಮಿತಿ 2,000 ಪೌಂಡ್. ಟರ್ಬೋದ್ದೂ ಸುಮ್ನೆ ತಗೊಂಡರೆ 2,000ವೇ! 4,000 ಬೇಕು ಅಂದರೆ ಆಲ್ ವೀಲ್ ಡ್ರೈವ್ ಜೊತೆಗೆ 4ಕೆ ಟೋ ಪ್ಯಾಕೇಜ್ ಫ್ಯಾಕ್ಟರಿಯಿಂದಲೇ ಬರಬೇಕು. ಅದರಲ್ಲಿ ಕೂಲಿಂಗ್ ಬೇರೆ, ಟ್ರಾನ್ಸ್‌ಮಿಷನ್ ಆಯಿಲ್ ಕೂಲರ್ ಬೇರೆ, ಫೈನಲ್ ಡ್ರೈವ್ ಗೇರೂ ಬೇರೆ. ಆಮೇಲೆ ಹೊರಗಡೆ ಒಂದು ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಹಾಕಿಸಿಬಿಟ್ಟರೆ 4,000 ಆಗಲ್ಲ. ಭಾವನಿಗೆ ಮೀನು ಹಿಡಿಯುವ ಹುಚ್ಚು, ಅಲ್ಯುಮಿನಿಯಂ ದೋಣಿ ಇದೆ, ಅದಕ್ಕೇ ಈ ಪ್ಯಾಕೇಜ್ ಇರುವ ಗಾಡಿಯೇ ಬೇಕು ಅಂತ ಕಾದು ತಗೊಂಡರು.

2025ರಿಂದ ಈ ಲೆಕ್ಕ ಸ್ವಲ್ಪ ಬದಲಾಗಿದೆ. ಅಲ್ಲಿಯವರೆಗೂ ಹೈಬ್ರಿಡ್ ಬೇಕು ಅಂದರೆ ಫ್ರಂಟ್ ವೀಲ್ ಒಂದೇ ಗತಿ ಇತ್ತು, ಈಗ ಹೈಬ್ರಿಡ್‌ನಲ್ಲೂ ಆಲ್ ವೀಲ್ ಬಂದಿದೆ, ಅದಕ್ಕೆ ಟೋ ಪ್ಯಾಕೇಜ್ ಸೇರಿಸಿದರೆ 4,000 ಪೌಂಡ್ ಎಳೆಯುತ್ತದೆ. ಹಿಮ ಬೀಳುವ ಕಡೆ ಇರುವವರು ಬರೀ ಆಲ್ ವೀಲ್‌ಗೋಸ್ಕರ ಟರ್ಬೋ ತಗೊಳ್ಳುವ ಕಾರಣ ಇನ್ನಿಲ್ಲ. ಬೆಲೆ ಮಾತ್ರ ಕೇಳಬೇಡಿ. ಶುರುವಿನಲ್ಲಿ 19,995 ಡಾಲರ್ ಅಂತ ಬಂದ ಗಾಡಿ ಇದು, ಆ ಕಾಲ ಹೋಯಿತು.

ಇನ್ನೊಂದು ಎಚ್ಚರಿಕೆ. ಹೈಬ್ರಿಡ್ ಅಂತ ಬರೆದಿರುವ ಎಲ್ಲ ಪಿಕಪ್ಪೂ ಗ್ಯಾಸ್ ಉಳಿಸುವುದಕ್ಕೇ ಇರುವುದಲ್ಲ. ಟೊಯೊಟಾ ಟಕೋಮಾ 2024ರಿಂದ ಎರಡು ಥರ ಬರುತ್ತದೆ. ಬರೀ ಟರ್ಬೋ ಆದರೆ ಹೆಚ್ಚೆಂದರೆ 278 ಹಾರ್ಸ್‌ಪವರ್, ಹೈಬ್ರಿಡ್ ಆದರೆ 326 ಹಾರ್ಸ್‌ಪವರ್ ಮತ್ತು 465 ಪೌಂಡ್-ಫೀಟ್ ಟಾರ್ಕ್. ಎರಡರಲ್ಲೂ ಇರುವುದು 2.4 ಲೀಟರ್ ಟರ್ಬೋ ಎಂಜಿನ್ನೇ, ಅಲ್ಲಿ ಮೋಟರ್ ಸೇರಿಸಿರುವುದು ಜೋರಿಗೆ. ಹೈಬ್ರಿಡ್‌ನ ಮೈಲೇಜ್ ಒಟ್ಟಾರೆ 23ರ ಆಸುಪಾಸು. ಮ್ಯಾವರಿಕ್ ನೋಡಿಕೊಂಡು ಹೋಗಿ ಅಲ್ಲಿ 40 ನಿರೀಕ್ಷೆ ಮಾಡಿದರೆ ನಿರಾಶೆ ಗ್ಯಾರಂಟಿ. ಫೋರ್ಡ್‌ನದೇ ಎಫ್-150 ಪವರ್‌ಬೂಸ್ಟ್ ಕೂಡ ಅದೇ ಜಾತಿ, 430 ಹಾರ್ಸ್‌ಪವರ್. ಆದರೆ ಅದರಲ್ಲಿ 7.2 ಕಿಲೋವ್ಯಾಟ್ ಕರೆಂಟ್ ಹೊರಗೆ ಕೊಡುವ ಆಪ್ಷನ್ ಇದೆ, ಬಿರುಗಾಳಿಗೆ ಕರೆಂಟ್ ಹೋದಾಗ ಮನೆಯ ಫ್ರಿಜ್ ಓಡಿಸಬಹುದು. ಸೈಟ್‌ನಲ್ಲಿ ಕೆಲಸ ಮಾಡುವವರಿಗೆ ಅದೊಂದಕ್ಕೇ ಆ ದುಡ್ಡು ಕೊಡಬಹುದು ಅನ್ನಿಸುತ್ತದೆ.

ರಿಪೇರಿ ಖರ್ಚಿನ ಭಯ ಎಲ್ಲರಿಗೂ ಇದೆ. ಬ್ಯಾಟರಿ ಹೋದರೆ ಅಂತ ಕೇಳ್ತಾರೆ. ಹೈಬ್ರಿಡ್ ಭಾಗಗಳಿಗೆ 8 ವರ್ಷ ಅಥವಾ 1,00,000 ಮೈಲಿ ವಾರಂಟಿ ಇದೆ. ಇ-ಸಿವಿಟಿ ಅಂದರೆ ಬೆಲ್ಟ್ ಮೇಲೆ ಓಡುವ ಸಿವಿಟಿ ಅಲ್ಲ, ಒಳಗೆ ಇರುವುದು ಗಟ್ಟಿ ಪ್ಲಾನೆಟರಿ ಗೇರು ಮತ್ತು ಎರಡು ಮೋಟರ್. ಬ್ರೇಕ್ ಪ್ಯಾಡೂ ಬೇಗ ಸವೆಯಲ್ಲ. ಟರ್ಬೋ ಕೆಟ್ಟದ್ದು ಅಂತಲ್ಲ, ಆದರೆ ಅಲ್ಲಿ ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್, ಬಿಸಿಯೂ ಜಾಸ್ತಿ, ಒತ್ತಡವೂ ಜಾಸ್ತಿ, ಆಯಿಲ್ ಬದಲಾಯಿಸುವುದನ್ನು ಮುಂದೂಡುವ ಅಭ್ಯಾಸ ಇರುವವರಿಗೆ ಅದು ಆಗಿಬರುವುದಿಲ್ಲ. ನೂರೈವತ್ತು ಸಾವಿರ ಮೈಲಿ ಓಡಿಸಿ ಆಮೇಲೆ ಮಾರ್ತೀನಿ ಅನ್ನುವವರಿಗೆ ನಾನಂತೂ ಹೈಬ್ರಿಡ್ಡೇ ಹೇಳುವುದು.

ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ನೋಡುತ್ತಿದ್ದರೆ ಒಂದು ಕೆಲಸ ತಪ್ಪಿಸಬೇಡಿ. 2022ರಲ್ಲಿ ಇದೇ 2.5 ಲೀಟರ್ ಹೈಬ್ರಿಡ್ ಎಂಜಿನ್ ಇರುವ ಮ್ಯಾವರಿಕ್, ಎಸ್ಕೇಪ್, ಲಿಂಕನ್ ಕೋರ್ಸೇರ್ ಗಾಡಿಗಳನ್ನು ಫೋರ್ಡ್ ರೀಕಾಲ್ ಮಾಡಿತ್ತು, ಅಂದರೆ ದೋಷ ಸರಿ ಮಾಡಲು ವಾಪಸ್ ಕರೆಸಿತ್ತು. ಎಂಜಿನ್ ಒಡೆದರೆ ಆಯಿಲ್, ಗ್ಯಾಸ್ ಆವಿ ಸೋರಿ ಬೆಂಕಿ ಹತ್ತುವ ಅಪಾಯ ಅಂತ. ದುಡ್ಡು ಕೊಡುವ ಮೊದಲು ಗಾಡಿಯ ವಿನ್ ನಂಬರ್ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಅನ್ನು ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿ, ರೀಕಾಲ್ ಕೆಲಸ ಬಾಕಿ ಇದೆಯಾ ನೋಡಿ. ಮಾರುವವನು ಎಲ್ಲಾ ಆಗಿದೆ ಅಂದರೆ ಸರ್ವಿಸ್ ಚೀಟಿ ತೋರಿಸು ಅನ್ನಿ.