ಫೋಟೋದಲ್ಲಿ ಬೆಳ್ಳಗೆ ಹೊಳೆಯುವ ಕಣ್ಣು: ಈ ಆ್ಯಪ್ ತಾಯಂದಿರ ಮೊಬೈಲಿನಲ್ಲಿರಲಿ

ಮಗುವಿನ ಮುಖದ ಫೋಟೋ ನೋಡಿಯೇ ಮೆದುಳಿನ ಗೆಡ್ಡೆಯನ್ನು ಪತ್ತೆಹಚ್ಚುವ ಆ್ಯಪ್ ಬಂದಿದೆಯಂತೆ, ಹೌದೇ ಟೀಚರ್ ಎಂದು ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಬಾಲವಾಡಿಯ ತಾಯಂದಿರು ಕೇಳತೊಡಗಿದರು. ಹುಡುಕಿ ನೋಡಿದೆ. ಅವರು ಕೇಳಿದ್ದು ‘ವೈಟ್ ಐ ಡಿಟೆಕ್ಟರ್’ ಎಂಬ ಉಚಿತ ಆ್ಯಪ್ ವಿಷಯ. ಅದು ಹುಡುಕುವುದು ಮೆದುಳಿನ ಗೆಡ್ಡೆಯನ್ನಲ್ಲ, ಕಣ್ಣಿನೊಳಗಿನ ತೊಂದರೆಯ ಗುರುತನ್ನು. ಈ ವ್ಯತ್ಯಾಸವನ್ನು ಕನ್ನಡ, ತುಳು, ಮರಾಠಿ ಮೂರರಲ್ಲೂ ವಿವರಿಸಿದ್ದೇನೆ. ಆದರೂ ಆ್ಯಪ್ ಹಾಕಿಕೊಳ್ಳಿ ಎಂದೇ ಎಲ್ಲರಿಗೂ ಹೇಳುತ್ತಿದ್ದೇನೆ.

ಫ್ಲ್ಯಾಶ್ ಹಾಕಿ ಫೋಟೋ ತೆಗೆದಾಗ ಆರೋಗ್ಯವಂತ ಕಣ್ಣಿನ ಪಾಪೆ ಕೆಂಪಗೆ ಹೊಳೆಯುವುದುಂಟು. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ (ರೆಟಿನಾದಲ್ಲಿ) ಗೆಡ್ಡೆಯಿದ್ದರೆ ಬೆಳಕು ಅದಕ್ಕೆ ತಾಗಿ ಬೆಳ್ಳಗೆ ಮರಳುತ್ತದೆ. ಈ ಆ್ಯಪ್ ಮುಖವನ್ನೂ ಕಣ್ಣನ್ನೂ ಗುರುತಿಸಿ ಆ ಬಿಳುಪನ್ನು ಹುಡುಕುತ್ತದೆ. ಇದರ ಹಿಂದಿರುವವರು ಅಮೆರಿಕದ ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಬ್ರಯಾನ್ ಶಾ. ಅವರ ಮಗ ನೋವಾಗೆ ಹಸುಗೂಸಾಗಿದ್ದಾಗಲೇ ರೆಟಿನೋಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರ್ ಬಂದು ಒಂದು ಕಣ್ಣನ್ನು ತೆಗೆಯಬೇಕಾಯಿತು. ಆಮೇಲೆ ಹಳೆಯ ಫೋಟೋಗಳನ್ನು ತೆರೆದು ನೋಡಿದರೆ, ಮಗು ಹುಟ್ಟಿ 12 ದಿನವಾದಾಗಿನ ಚಿತ್ರದಲ್ಲೇ ಆ ಬಿಳುಪು ಇತ್ತು. ಅದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಗ್ರೆಗ್ ಹ್ಯಾಮರ್ಲಿ ಅವರೊಡನೆ ಸೇರಿ ಶಾ ಈ ಆ್ಯಪ್ ಕಟ್ಟಿದರು.

2019ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಇದರ ಪರೀಕ್ಷೆಯ ಫಲ ಪ್ರಕಟವಾಯಿತು. 40 ಮಕ್ಕಳ ಸುಮಾರು 53,000 ಮನೆಫೋಟೋಗಳನ್ನು ಆ್ಯಪ್‌ಗೆ ಕೊಟ್ಟಿದ್ದರು. ಕಣ್ಣಿನ ಕಾಯಿಲೆಯಿದ್ದ 20 ಮಕ್ಕಳಲ್ಲಿ 16 ಮಕ್ಕಳ ವಿಷಯದಲ್ಲಿ, ವೈದ್ಯರು ಕಾಯಿಲೆ ಗುರುತಿಸುವುದಕ್ಕೆ ಸರಾಸರಿ 1.3 ವರ್ಷ ಮೊದಲಿನ ಫೋಟೋಗಳಲ್ಲೇ ಬಿಳುಪು ಸಿಕ್ಕಿತು. ಒಂದು ವರ್ಷಕ್ಕೂ ಮಿಕ್ಕಿದ ಕಾಲವದು! ಈ ಕ್ಯಾನ್ಸರ್ ದೃಷ್ಟಿನರದ ಗುಂಟ ಮೆದುಳಿಗೆ ಹಬ್ಬಬಲ್ಲದು. ಬೇಗ ಸಿಕ್ಕರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ.

ನಮ್ಮ ಬಾಲವಾಡಿಯ ಒಬ್ಬ ಹುಡುಗನ ಕಣ್ಣು ಓರೆಯಾಗತೊಡಗಿದಾಗ ಅವನ ಅಜ್ಜಿ ಮಾಲುಗಣ್ಣು ಅದೃಷ್ಟವೆಂದರು. ತಾಯಿಗೆ ಸಮಾಧಾನವಾಗದೆ ವೈದ್ಯರೊಬ್ಬರ ಬಳಿ ಹೋದರೆ, ದೊಡ್ಡವನಾದಂತೆ ಸರಿಹೋಗುತ್ತದೆ ಎಂದು ಎರಡು ನಿಮಿಷದಲ್ಲಿ ಕಳುಹಿಸಿಬಿಟ್ಟರು. ಕೊನೆಗೆ ಕಣ್ಣಿನ ತಜ್ಞರು ಪಾಪೆ ಹಿಗ್ಗಿಸುವ ಹನಿ ಹಾಕಿ ಪರೀಕ್ಷಿಸಿದಾಗ ಗೆಡ್ಡೆ ಕಂಡಿತು. ಮುಂಬೈಯ ಪರೇಲ್‌ನ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ನಾಮಕರಣದ ಆಲ್ಬಮ್ ತೆರೆದರೆ ತೊಟ್ಟಿಲ ಫೋಟೋದಲ್ಲಿಯೇ ಎಡಗಣ್ಣು ಬೆಳ್ಳಗಿತ್ತು. ಆ ತಾಯಿಯ ಮಾತಿಗೆ ಬೆಲೆ ಸಿಗಲಿಲ್ಲವೆಂಬ ಸಿಟ್ಟು ನನಗಿನ್ನೂ ಆರಿಲ್ಲ. ಈ ಆ್ಯಪ್‌ನ ನಿಜವಾದ ಉಪಯೋಗ ನನಗೆ ಕಾಣುವುದು ಅಲ್ಲಿಯೇ: ಗುರುತು ಹಾಕಿದ ಫೋಟೋವನ್ನು ಕೈಯಲ್ಲಿ ಹಿಡಿದು ಬಂದ ತಾಯಿಯನ್ನು ಹಾಗೆ ಸುಲಭವಾಗಿ ಸಾಗಹಾಕಲಾಗುವುದಿಲ್ಲ.

ನಾನು ಮೊದಲು ಮೊಮ್ಮಗಳ ಫೋಟೋಗಳನ್ನು ಹಾಕಿ ನೋಡಿದೆ. ಬಳಸುವುದು ಕಷ್ಟವಲ್ಲ. ಬಾಲವಾಡಿಯ ಮಕ್ಕಳ ಫೋಟೋಗಳನ್ನು ಮಾತ್ರ ನಾನು ಮುಟ್ಟುವುದಿಲ್ಲ; ಆಯಾ ತಾಯಂದಿರು ತಮ್ಮ ಮೊಬೈಲಿನಲ್ಲೇ ನೋಡಿಕೊಳ್ಳಬೇಕು. ಕೆಂಗಣ್ಣು (ರೆಡ್ ಐ) ಸರಿಪಡಿಸುವ ಸೌಲಭ್ಯ ಕ್ಯಾಮೆರಾದಲ್ಲಿದ್ದರೆ ಆಫ್ ಮಾಡಿಡಿ, ಅದು ಬೇಕಾದ ಗುರುತನ್ನೇ ಅಳಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ ಚಿತ್ರಕ್ಕಿಂತ ಮೂಲ ಫೋಟೋ ಮೇಲು.

ಬಿಳಿ ಹೊಳಪೆಲ್ಲ ಕ್ಯಾನ್ಸರ್ ಅಲ್ಲ. ಮಗು ಪಕ್ಕಕ್ಕೆ ನೋಡುವಾಗ ದೃಷ್ಟಿನರದ ಬುಡಕ್ಕೆ ಬೆಳಕು ತಾಗಿದರೂ ಹಾಗೆ ಕಾಣುತ್ತದೆ, ಪೊರೆಯಿಂದಲೂ ಕಾಣಬಹುದು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಭಯ. ಆ್ಯಪ್ ಏನೂ ತೋರಿಸಲಿಲ್ಲವೆಂದು ಯಾರೂ ನೆಮ್ಮದಿಯಿಂದ ಕೂರಬಾರದು. ಆ 20 ಮಕ್ಕಳಲ್ಲಿ ನಾಲ್ವರನ್ನು ಅದು ವೈದ್ಯರಿಗಿಂತ ಮೊದಲು ಹಿಡಿಯಲಿಲ್ಲ. ಮೆದುಳಿನ ಗೆಡ್ಡೆಯ ಲಕ್ಷಣಗಳೂ ಬಹುತೇಕ ಬೇರೆಯೇ: ಬೆಳಗ್ಗೆ ಮತ್ತೆ ಮತ್ತೆ ವಾಂತಿ, ಬಿಡದ ತಲೆನೋವು, ನಡಿಗೆಯಲ್ಲಿ ತೂರಾಟ, ಕತ್ತು ವಾಲಿಸಿಕೊಂಡೇ ಇರುವುದು, ಹೊಸದಾಗಿ ಬಂದ ಓರೆಗಣ್ಣು. ಇವುಗಳಲ್ಲಿ ಯಾವುದು ಕಂಡರೂ ಮೊಬೈಲ್ ಬದಿಗಿಟ್ಟು ಮಕ್ಕಳ ವೈದ್ಯರ ಬಳಿ ಹೋಗಬೇಕು.

ಆ್ಯಪ್ ಗುರುತು ಹಾಕಿದರೆ, ಅಥವಾ ನಿಮ್ಮ ಕಣ್ಣಿಗೇ ಬಿಳುಪು ಕಂಡರೆ, ಆ ವಾರದಲ್ಲೇ ಮಕ್ಕಳ ಕಣ್ಣಿನ ತಜ್ಞರನ್ನು ಕಾಣಿ. ಹನಿ ಹಾಕಿ ಅಕ್ಷಿಪಟಲವನ್ನು ನೋಡಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಆ್ಯಪ್‌ಗಾಗಿ ಕಾಯುವ ಪ್ರಶ್ನೆಯೇ ಇಲ್ಲ: ಇದರಲ್ಲಿ ವಂಶವಾಹಿಯಿಂದ ಬರುವ ಬಗೆಯೂ ಇರುವುದರಿಂದ, ಹುಟ್ಟಿದ ಕೂಸಿನ ಕಣ್ಣನ್ನು ಮೊದಲ ವಾರಗಳಲ್ಲೇ ತೋರಿಸಬೇಕು.