ಕಾರವಾರದಲ್ಲಿ ಮುಖಕ್ಕೆ ಇಂಜೆಕ್ಷನ್ ಮಾಡಿಸಿಕೊಂಡು ನಾನು ಮೋಸಹೋದೆ, ನೀವು ಹೋಗಬೇಡಿ

ಇದನ್ನು ಬರೆಯಲೋ ಬೇಡವೋ ಅಂತ ಎರಡು ತಿಂಗಳು ಒದ್ದಾಡಿದೆ. ನಾಚಿಕೆ ಬಿಡಲಿಲ್ಲ. ಮೊನ್ನೆ ನಮ್ಮ ಕೇರಿಯವರೇ ಒಬ್ಬರು ಅದೇ ಜಾಗದ ಜಾಹೀರಾತನ್ನು ನನ್ನ ಫೋನಿಗೆ ಕಳಿಸಿ, "ಅಕ್ಕಾ, ಆಫರ್ ಇದೆಯಂತೆ, ಇಬ್ಬರೂ ಹೋಗೋಣವಾ?" ಅಂತ ಕೇಳಿದರು. ಕೈಕಾಲು ನಡುಗಿತು. ಇನ್ನು ಸುಮ್ಮನಿರಲು ಆಗುವುದಿಲ್ಲ.

ನನಗೆ 57 ವರ್ಷ. ಊರು ಅಂಕೋಲಾ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಕಲಿಸಿದ್ದೇನೆ. ಬಸ್ ಇಳಿದು ಶಾಲೆಗೆ ದಿನಾ ಬಿಸಿಲಲ್ಲಿ ನಡೆದವಳು. ಕರಾವಳಿಯ ಬಿಸಿಲು ಗೊತ್ತಲ್ವಾ. ಕೆನ್ನೆಯ ಮೇಲೆ ಬಂಗು, ಹಣೆ ತುಂಬ ಗೆರೆ, ಮೂಗಿನ ಪಕ್ಕದಿಂದ ಬಾಯಿಯವರೆಗೆ ಎರಡು ಮಡಿಕೆ, ಗದ್ದದ ಕೆಳಗೆ ಜೋತ ಚರ್ಮ. ಮೇ ಮೊದಲ ವಾರ ಮಗನ ಮದುವೆ ಇತ್ತು. ಫೋಟೋದಲ್ಲಿ ಸ್ವಲ್ಪ ಚೆನ್ನಾಗಿ ಕಾಣಬೇಕು ಅಂತ ಆಸೆಪಟ್ಟೆ. ಅದು ತಪ್ಪು ಅಂತ ನನಗೆ ಈಗಲೂ ಅನಿಸುವುದಿಲ್ಲ. ವಯಸ್ಸಾದ ಹೆಂಗಸಿಗೆ ಇದೆಲ್ಲ ಯಾಕೆ ಅಂತ ಬುದ್ಧಿ ಹೇಳಲು ಬರುವವರು ದಯವಿಟ್ಟು ಬರಬೇಡಿ.

ಕಾರವಾರದಲ್ಲಿ ಮಹಡಿಯ ಮೇಲೆ ಒಂದು ಕ್ಲಿನಿಕ್. ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ನಡೆಯಲಿ. ಗಾಜಿನ ಬಾಗಿಲು, ಎಸಿ, ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟುಗಳು. "ಬೆಂಗಳೂರಿನ ಡಾಕ್ಟರ್ ಹದಿನೈದು ದಿನಕ್ಕೊಮ್ಮೆ ಬರ್ತಾರೆ" ಅಂದರು. ನಮ್ಮ ಜಿಲ್ಲೆಯವರಿಗೆ ಈ ಮಾತು ಹೊಸದಲ್ಲ. ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಹುಬ್ಬಳ್ಳಿ, ಇಲ್ಲವೇ ಗೋವಾ ಅಂತ ಓಡುವವರು ನಾವು. ದೊಡ್ಡ ಊರಿನ ಡಾಕ್ಟರ್ ತಾವಾಗಿಯೇ ಇಲ್ಲಿಗೆ ಬರುತ್ತಾರೆ ಅಂದರೆ ಪುಣ್ಯ ಅನಿಸುತ್ತದೆ. ಅವರಿಗೂ ಅದು ಚೆನ್ನಾಗಿ ಗೊತ್ತು.

ನನ್ನ ಜೊತೆ ಕುಳಿತು ಮಾತಾಡಿದ್ದು ಡಾಕ್ಟರ್ ಅಲ್ಲ. ಕೌನ್ಸೆಲರ್ ಅಂತೆ, ಇಪ್ಪತ್ತೈದರ ಹುಡುಗಿ. ಒಂದು ಮಷಿನ್ ಒಳಗೆ ಮುಖ ಇಡಿಸಿ ಫೋಟೋ ತೆಗೆದಳು. "ಮೇಡಂ, ನಿಮ್ಮ ಸ್ಕಿನ್ ವಯಸ್ಸು 66 ತೋರಿಸ್ತಿದೆ" ಅಂದಳು. ಎದೆ ಧಸಕ್ಕೆಂದಿತು. ಅಲ್ಲಿಂದ ಮುಂದೆ ಅವಳು ಹೇಳಿದ್ದಕ್ಕೆಲ್ಲ ತಲೆ ಆಡಿಸಿದೆ. ಮೂರು ಪೀಲಿಂಗ್ (ಔಷಧ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು), ಒಂದು ಸಲ ಹೈಫು (ಅಲ್ಟ್ರಾಸೌಂಡ್ ಬಿಸಿಯಿಂದ ಚರ್ಮ ಬಿಗಿ ಮಾಡುವ ಮಷಿನ್), ಹಣೆಗೆ ಬೊಟಾಕ್ಸ್ ಇಂಜೆಕ್ಷನ್. ಎಲ್ಲ ಸೇರಿ 65,000. ಇವತ್ತೇ ಕಟ್ಟಿದರೆ 42,000. "ಮದುವೆ ಹೊತ್ತಿಗೆ ಹತ್ತು ವರ್ಷ ಕಡಿಮೆ ಕಾಣ್ತೀರಿ."

"ಡಾಕ್ಟರ್ ಯಾವಾಗ ನೋಡ್ತಾರೆ?" ಅಂತ ಕೇಳಿದೆ. ಕೇಳಿದ್ದೆ! "ಪ್ರೊಸೀಜರ್ ದಿನ ನೋಡ್ತಾರೆ ಮೇಡಂ." ಅಲ್ಲೇ ಫೋನಿನಲ್ಲಿ 42,000 ಕಟ್ಟಿದೆ. ಯಾವ ಡಾಕ್ಟರೂ ನನ್ನ ಮುಖ ನೋಡುವ ಮೊದಲೇ ದುಡ್ಡು ಹೋಗಿತ್ತು.

ಏಪ್ರಿಲ್ ಮೊದಲ ವಾರ ಪೀಲಿಂಗ್ ಮತ್ತು ಹೈಫು. ಡಾಕ್ಟರ್ ಇರಲಿಲ್ಲ, "ಇವತ್ತು ಬರಲಿಲ್ಲ, ಇದಕ್ಕೆ ಅವರು ಬೇಕಾಗಿಲ್ಲ" ಅಂದರು. ಅದೇ ವಯಸ್ಸಿನ ಇನ್ನೊಬ್ಬ ಹುಡುಗಿ ಬ್ರಷ್‌ನಲ್ಲಿ ಏನೋ ಹಚ್ಚಿದಳು. ಉರಿ ಅಂದರೆ ಉರಿ. "ಉರಿದರೆ ಕೆಲಸ ಮಾಡ್ತಿದೆ ಅಂತ ಮೇಡಂ." ನಾನು ಅಂಕೋಲಾದಿಂದ ಕಿಟಕಿ ಪಕ್ಕ ಕುಳಿತು, ಬಿಸಿಲು ಹೊಡೆಸಿಕೊಂಡು ಬಂದಿದ್ದೆ. ಮುಖ ಕೆಂಪಾಗಿತ್ತು. ಯಾವ ಕ್ರೀಮ್ ಹಚ್ಚುತ್ತೀರಿ, ಬಿಸಿಲಿಗೆ ಹೋಗುತ್ತೀರಾ, ಗಾಯ ಆದರೆ ಕಪ್ಪು ಕಲೆ ಉಳಿಯುತ್ತದಾ, ಒಂದನ್ನೂ ಕೇಳಲಿಲ್ಲ. ನಾಲ್ಕನೇ ದಿನ ಸಿಪ್ಪೆ ಎದ್ದಿತು. ಹತ್ತನೇ ದಿನ ಬಂಗು ಇದ್ದ ಜಾಗದಲ್ಲಿ ಅದಕ್ಕಿಂತ ಕಪ್ಪಾದ ಎರಡು ಪಟ್ಟಿ ಕೂತಿದ್ದವು. ಫೋಟೋ ಕಳಿಸಿದೆ. ಬಂದ ಉತ್ತರ: "ಅದು ಹೀಲಿಂಗ್ ಮೇಡಂ, ಹಳೇ ಟ್ಯಾನ್ ಹೊರಗೆ ಬರ್ತಿದೆ."

ನಂಬಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನಂಬಿ, ಮದುವೆಗೆ ಹದಿನಾರು ದಿನ ಇರುವಾಗ ಮತ್ತೆ ಹೋಗಿ ಹಣೆ ಒಡ್ಡಿದೆ.

ಅವತ್ತು ಬಿಳಿ ಕೋಟು, ಮಾಸ್ಕ್ ಹಾಕಿದ ಒಬ್ಬರು ಬಂದರು. ಐದು ನಿಮಿಷ. ಹೆಸರು ಹೇಳಲಿಲ್ಲ. ಹುಬ್ಬು ಎತ್ತಿ ಅಂದರು, ಎತ್ತಿದೆ. ಸಿರಿಂಜ್ ಮೊದಲೇ ತುಂಬಿ ತಟ್ಟೆಯಲ್ಲಿ ಇತ್ತು. ಬಾಟಲಿ ನಾನು ನೋಡಲಿಲ್ಲ. "ಇದು ಯಾವ ಔಷಧ?" ಅಂದರೆ, "ಬೊಟಾಕ್ಸ್ ಮೇಡಂ, ಇಂಪೋರ್ಟೆಡ್" ಅಂತ ಪಕ್ಕದ ಹುಡುಗಿ ಹೇಳಿದಳು. ಹಣೆಯ ಉದ್ದಕ್ಕೂ ಚುಚ್ಚಿದರು. ನಾನು ಅವರನ್ನು ಡಾಕ್ಟರ್ ಅಂತಲೇ ತಿಳಿದೆ. ಡಾಕ್ಟರ್ ಹೌದೋ ಅಲ್ಲವೋ, ಇವತ್ತಿನವರೆಗೂ ಯಾರೂ ನನಗೆ ಹೇಳಿಲ್ಲ.

ಐದನೇ ದಿನ ಬೆಳಿಗ್ಗೆ ಹಣೆಯ ಮೇಲೆ ಒದ್ದೆ ಬಟ್ಟೆ ಹೊತ್ತುಕೊಂಡ ಹಾಗೆ ಭಾರ. ಹುಬ್ಬು ಎತ್ತಲು ಹೋದರೆ ಏಳುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಹುಬ್ಬು ಇಳಿದು, ಕಣ್ಣಿನ ಮೇಲಿನ ಚರ್ಮ ರೆಪ್ಪೆಯ ಮೇಲೇ ಬಿದ್ದಿತ್ತು. ಹಣೆಯ ಗೆರೆ ಹೋಗಿತ್ತು, ಹೌದು. ಕಣ್ಣೂ ಅರ್ಧ ಮುಚ್ಚಿ ಹೋಗಿತ್ತು.

ಮದುವೆ ದಿನ. ಧಾರೆ ಎರೆಯುವ ಹೊತ್ತಿಗೆ ಫೋಟೋಗ್ರಾಫರ್ ಹುಡುಗ, "ಅಮ್ಮಾ, ಸ್ವಲ್ಪ ಕಣ್ಣು ಬಿಡಿ" ಅಂದ. ಬಿಟ್ಟಿದ್ದೆ. ಮತ್ತೆ ಅಂದ. "ಅಮ್ಮಾ, ಇಲ್ಲಿ ನೋಡಿ, ಕಣ್ಣು ಬಿಡಿ." ಮೂರು ಸಲ. ಎಲ್ಲರೂ ನನ್ನ ಕಡೆ ತಿರುಗಿದರು. ಬೀಗಿತ್ತಿ ಪಕ್ಕ ಬಂದು, "ರಾತ್ರಿಯೆಲ್ಲ ನಿದ್ದೆ ಇಲ್ವಾ?" ಅಂತ ಮೆಲ್ಲಗೆ ಕೇಳಿದರು. ಹೂಂ ಅಂದೆ. ಆ ಫೋಟೋ ಆಲ್ಬಮ್ ನಾನು ಇನ್ನೂ ತೆರೆದಿಲ್ಲ. ಬಂಡಿಹಬ್ಬಕ್ಕೂ ಹೊರಗೆ ಹೋಗಲಿಲ್ಲ. ಹುಟ್ಟಿದಾಗಿನಿಂದ ತಪ್ಪಿಸಿದವಳಲ್ಲ.

ಅವರ ಉತ್ತರಗಳನ್ನು ಕೇಳಿ. ವಾಟ್ಸಾಪ್‌ನಲ್ಲಿ ಎಲ್ಲ ಇದೆ, ಅಳಿಸಿಲ್ಲ.

ಮೊದಲ ದಿನ: "ಸೆಟ್ ಆಗಲು ಟೈಮ್ ಬೇಕು ಮೇಡಂ."
ಮೂರು ದಿನ ಬಿಟ್ಟು: "ನೀವು ಮಲಗಿದ್ರಾ? ಹಣೆ ಉಜ್ಜಿದ್ರಾ?"
ಮದುವೆ ಮರುದಿನ: "ನಿಮ್ಮ ಸ್ಕಿನ್ ಜಾಸ್ತಿ ಲೂಸ್ ಇದೆ ಮೇಡಂ, ಅದಕ್ಕೆ ಥ್ರೆಡ್ ಲಿಫ್ಟ್ ಮಾಡಿಸಿ. ಹಳೇ ಕಸ್ಟಮರ್ ಅಂತ ಡಿಸ್ಕೌಂಟ್ ಕೊಡ್ತೀವಿ."

ಡಿಸ್ಕೌಂಟ್! ಕಣ್ಣು ಬಿಡಲು ಆಗದವಳಿಗೆ ಇನ್ನೊಂದು ಪ್ಯಾಕೇಜ್, ಚರ್ಮದೊಳಗೆ ದಾರ ಹಾಕಿ ಎಳೆಯುವುದಂತೆ. ಸ್ಕಿನ್ ಲೂಸ್ ಇದೆ ಅಂತ ದುಡ್ಡು ತೆಗೆದುಕೊಳ್ಳುವಾಗ ಕಾಣಲಿಲ್ವಾ?

ಕೊನೆಗೆ ಮಗಳು ಹಿಡಿದುಕೊಂಡು ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ಚರ್ಮದ ಡಾಕ್ಟರಮ್ಮ. ಅವರು ಕೇಳಿದ್ದು ನಾಲ್ಕು ಪ್ರಶ್ನೆ. ಯಾವ ಕಂಪನಿಯ ಔಷಧ? ಎಷ್ಟು ಯೂನಿಟ್? ಯಾವ ಯಾವ ಜಾಗಕ್ಕೆ? ಕೊಟ್ಟವರು ಯಾರು? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಲ್ ತೋರಿಸಿ ಅಂದರು. ತೆಗೆದು ಕೊಟ್ಟೆ. ಅವರು ಓದಿ ನನ್ನ ಕಡೆಗೇ ತಿರುಗಿಸಿದರು. ಅದರಲ್ಲಿ ಬರೆದದ್ದು "ಬ್ಯೂಟಿ ಸರ್ವಿಸ್ ಪ್ಯಾಕೇಜ್, 42,000". ಅಷ್ಟೇ. ಇಂಜೆಕ್ಷನ್ ಅಂತ ಇಲ್ಲ, ಬೊಟಾಕ್ಸ್ ಅಂತ ಇಲ್ಲ, ಡಾಕ್ಟರ್ ಹೆಸರಿಲ್ಲ. ಮೂವತ್ತು ವರ್ಷ ಮಕ್ಕಳಿಗೆ "ಓದಿ ಸಹಿ ಹಾಕಿ" ಅಂತ ಕಲಿಸಿದವಳು, ಆ ಚೀಟಿಯನ್ನು ಒಮ್ಮೆಯೂ ಓದಿರಲಿಲ್ಲ. ಆ ಕುರ್ಚಿಯಲ್ಲೇ ಅಳು ಬಂತು.

ಆಮೇಲೆ ಅವರು ನನ್ನ ಹಳೇ ಫೋಟೋ ನೋಡಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಇದೇ ಮುಖ್ಯ. ಬೊಟಾಕ್ಸ್ ಅನ್ನುವುದು ಒಂದು ಕಂಪನಿ ತನ್ನ ಔಷಧಕ್ಕೆ ಇಟ್ಟ ಬ್ರ್ಯಾಂಡ್ ಹೆಸರು. ಔಷಧ ಬೊಟುಲಿನಮ್ ಟಾಕ್ಸಿನ್. ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ಅದು ತಡೆಯುತ್ತದೆ, ಸ್ನಾಯು ಸಡಿಲ ಆಗುತ್ತದೆ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮೂಡುವ ಗೆರೆಗೆ ಅದು ಒಳ್ಳೆಯದೇ. ಜೋತ ಚರ್ಮವನ್ನು ಅದು ಎತ್ತುವುದಿಲ್ಲ. ನನಗೆ ವಯಸ್ಸಿನಿಂದ ಹುಬ್ಬು ಮೊದಲೇ ಸ್ವಲ್ಪ ಇಳಿದಿತ್ತಂತೆ. ಅದನ್ನು ನನಗೇ ಗೊತ್ತಿಲ್ಲದೆ ಹಣೆಯ ಸ್ನಾಯು ದಿನವಿಡೀ ಎತ್ತಿ ಹಿಡಿದಿತ್ತು. ಹಾಗೆ ಎತ್ತಿ ಎತ್ತಿಯೇ ಆ ಗೆರೆಗಳು ಬಂದಿದ್ದವು. ಆ ಸ್ನಾಯುವನ್ನೇ ಮಲಗಿಸಿದರೆ ಹುಬ್ಬು ಬೀಳದೆ ಇನ್ನೇನಾಗುತ್ತದೆ? "ಕಣ್ಣು ಮುಚ್ಚಿಸಿ, ಹಣೆ ಸಡಿಲ ಬಿಡಿಸಿ, ಮತ್ತೆ ನಿಧಾನ ತೆರೆಸಿ ನೋಡಿದ್ದರೆ ಮೊದಲೇ ಗೊತ್ತಾಗ್ತಿತ್ತು" ಅಂದರು. ಒಂದು ನಿಮಿಷದ ಕೆಲಸ. ಆ ಒಂದು ನಿಮಿಷ ಯಾರೂ ನನ್ನ ಮುಖ ನೋಡಲಿಲ್ಲ.

ಇದಕ್ಕೆ ಮರುಮದ್ದು ಇಲ್ಲ. ಮೂರ್ನಾಲ್ಕು ತಿಂಗಳಲ್ಲಿ ಔಷಧದ ಶಕ್ತಿ ಇಳಿಯುತ್ತದೆ, ಅಲ್ಲಿಯವರೆಗೆ ಕಾಯಬೇಕು. ಈಗ ಅರ್ಧ ಸರಿಯಾಗಿದೆ.

ಹೈಫು ಬಗ್ಗೆ ಕೇಳಿದೆ. ಅದರ ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಅದೂ ಸಾಧಾರಣ ಬಿಗಿತ, ಎಲ್ಲರಿಗೂ ಆಗುವುದೂ ಇಲ್ಲ. ತಿಂಗಳೊಳಗಿನ ಮದುವೆಗೆ ಅಂತ ಮಾರಿದ್ದೇ ಸುಳ್ಳು. ಪೀಲಿಂಗ್ ಅಂತೂ ಬಿಸಿಲಿಗೆ ಕಪ್ಪಾದ ಮುಖಕ್ಕೆ ಮಾಡಲೇಬಾರದಿತ್ತು. ನಮ್ಮ ಬಣ್ಣದ ಚರ್ಮ ಸುಟ್ಟರೆ, ಕೆರಳಿದರೆ ಕಪ್ಪು ಕಲೆ ಬೇಗ ಉಳಿಯುತ್ತದೆ. ಮೊದಲು ಕೆಲವು ವಾರ ಸನ್‌ಸ್ಕ್ರೀನ್ ಹಚ್ಚಿಸಿ, ಚರ್ಮ ತಯಾರು ಮಾಡಿ, ಕಡಿಮೆ ಶಕ್ತಿಯಿಂದ ಶುರು ಮಾಡಬೇಕಂತೆ. ಬಾಯಿ ಪಕ್ಕದ ಮಡಿಕೆಗೆ ಹಾಕುವುದು ಫಿಲ್ಲರ್, ಅದು ಚರ್ಮದ ಕೆಳಗೆ ಚುಚ್ಚಿ ತುಂಬುವ ಬೇರೆಯೇ ವಸ್ತು. ಹೈಲುರೋನಿಕ್ ಆಸಿಡ್‌ನದ್ದಾದರೆ ಕರಗಿಸುವ ಔಷಧ ಇದೆ. ಆದರೆ ಅದು ತಪ್ಪಿ ರಕ್ತನಾಳದ ಒಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಅಂಥದ್ದನ್ನು ಹೆಸರು ಹೇಳದವರ ಕೈಯಲ್ಲಿ ಚುಚ್ಚಿಸಿಕೊಳ್ಳುವ ತನಕ ಹೋಗಲಿಲ್ಲವಲ್ಲ ಅಂತ ದೇವರಿಗೆ ಕೈ ಮುಗಿದೆ.

ನನಗೆ ಬರೆದುಕೊಟ್ಟದ್ದು ಏನು ಗೊತ್ತಾ? ಬೆಳಿಗ್ಗೆ ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಲೆ ತಣಿದ ಮೇಲೆ ರಾತ್ರಿ ಟ್ರೆಟಿನೋಯಿನ್ ಅನ್ನುವ ವಿಟಮಿನ್ ಎ ಜಾತಿಯ ಕ್ರೀಮ್, ಬಟಾಣಿಯಷ್ಟು, ಮೊದಲು ವಾರಕ್ಕೆ ಎರಡೇ ಸಲ. ತಿಂಗಳುಗಟ್ಟಲೆ ಹಚ್ಚಬೇಕು. ಸುಮ್ನೆ ಅಂಗಡಿಯಿಂದ ತಂದು ಹಚ್ಚಬೇಡಿ, ಡಾಕ್ಟರ್ ಹೇಳಿದ ಹಾಗೆ ಮಾಡಿ. ಡಾಕ್ಟರಮ್ಮನ ಫೀಸು 500 ರೂಪಾಯಿ. 42,000 ಕಟ್ಟುವ ಮೊದಲು ನನಗೆ ಬೇಕಿದ್ದದ್ದು ಆ 500 ರೂಪಾಯಿಯ ಮಾತು.

ವಾಪಸ್ ಬಂದು ಕ್ಲಿನಿಕ್‌ಗೆ ಹೋದೆ. ಮಗಳೂ ಇದ್ದಳು. ಚುಚ್ಚಿದವರ ಹೆಸರು, ನೋಂದಣಿ ನಂಬರ್, ಔಷಧದ ಬ್ಯಾಚ್ ನಂಬರ್ ಕೇಳಿದೆವು. "ಅದೆಲ್ಲ ಹೆಡ್ ಆಫೀಸಲ್ಲಿ ಇರ್ತದೆ ಮೇಡಂ." ಹೆಡ್ ಆಫೀಸ್ ಎಲ್ಲಿ? "ಮೇಲ್ ಮಾಡಿ." ದುಡ್ಡು ವಾಪಸ್ ಕೊಡಿ ಅಂದೆ. ಒಂದು ಹಾಳೆ ತೆಗೆದು ತೋರಿಸಿದರು. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಕೆಳಗೆ ನನ್ನ ಸಹಿ. "ನೀವೇ ಒಪ್ಪಿದ್ದೀರಲ್ವಾ ಮೇಡಂ? ಉಳಿದ ಎರಡು ಪೀಲಿಂಗ್ ಬೇಕಾದರೆ ನಿಮ್ಮ ಮಗಳಿಗೆ ಮಾಡಿಸಿ." ನನ್ನ ಮಗಳಿಗೆ! ಅವಳು ನನ್ನ ಕೈ ಹಿಡಿದು ಹೊರಗೆ ಕರೆತರದಿದ್ದರೆ ಅವತ್ತು ನಾನು ಏನು ಮಾಡುತ್ತಿದ್ದೆನೋ.

ಗೋಡೆಯ ಆ ಫ್ರೇಮ್‌ಗಳನ್ನು ಅವತ್ತು ಮೊದಲ ಸಲ ಹತ್ತಿರ ಹೋಗಿ ಓದಿದೆ. ಎಲ್ಲ ಯಾವುದೋ ಬ್ಯೂಟಿ ಕೋರ್ಸಿನವು, ಮಷಿನ್ ಕಂಪನಿಯವು. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್‌ಗಳಿಗೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಇದೆ. ಅದರ ನೋಂದಣಿ ಪತ್ರ, ದರಪಟ್ಟಿ ಎದುರಿಗೆ ಕಾಣುವ ಹಾಗೆ ಹಾಕಿರಬೇಕು. ಅಲ್ಲಿ ಎರಡೂ ಇರಲಿಲ್ಲ. ಹೋಗುವವರು ಅದನ್ನು ಮೊದಲು ಹುಡುಕಿ. ಸೂಜಿ ಹಿಡಿಯುವವರ ಹೆಸರು ಮತ್ತು ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಕೇಳಿ, ಮುಖ ತಿರುಗಿಸಿದರೆ ಎದ್ದು ಬನ್ನಿ. ಬಾಟಲಿಯನ್ನು ನಿಮ್ಮೆದುರೇ ತೆರೆಯಲಿ, ಲೇಬಲ್ ಫೋಟೋ ತೆಗೆದುಕೊಳ್ಳಿ. ಬಿಲ್‌ನಲ್ಲಿ ಔಷಧದ ಹೆಸರು ಬರಬೇಕು. ಡಾಕ್ಟರ್ ನೋಡುವ ಮೊದಲು ಒಂದು ಪೈಸೆ ಕಟ್ಟಬೇಡಿ. ಮದುವೆ ಹತ್ತಿರ ಇದ್ದರೆ ಹೊಸದೇನನ್ನೂ ಮುಖಕ್ಕೆ ಮುಟ್ಟಿಸಬೇಡಿ.

ದುಡ್ಡು ಇನ್ನೂ ಬಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದುಕೊಟ್ಟು ಬಂದೆ, ಸ್ವೀಕೃತಿ ಚೀಟಿ ಇದೆ. ಕಾರವಾರದ ಗ್ರಾಹಕರ ಆಯೋಗಕ್ಕೆ ಹಾಕಲು ಮಗಳು ಕಾಗದ ತಯಾರು ಮಾಡುತ್ತಿದ್ದಾಳೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ನನ್ನ ಹಾಗೆ ಅಲ್ಲಿ ದುಡ್ಡು ಕಟ್ಟಿ, ನಾಚಿಕೆಯಿಂದ ಮನೆಯಲ್ಲಿ ಕುಳಿತವರು ಇದ್ದರೆ ಆ "ಬ್ಯೂಟಿ ಸರ್ವಿಸ್" ಬಿಲ್ ಬಿಸಾಡಬೇಡಿ. ಮೆಸೇಜುಗಳನ್ನು ಅಳಿಸಬೇಡಿ. ನನಗೆ ತಿಳಿಸಿ, ಒಟ್ಟಿಗೇ ಹೋಗೋಣ.