ನ್ಯಾನೋಕ್ಲಸ್ಟರ್ ಸೋರ್ಸ್: ಕೋಲಾರದ ಲ್ಯಾಬಿಗೆ ಒಗ್ಗುತ್ತದಾ?

ಪರಮಾಣುಗಳನ್ನು ನ್ಯಾನೋಮೀಟರ್ ಗಾತ್ರದ ಗುಂಪುಗಳಾಗಿ (ಕ್ಲಸ್ಟರ್) ಕಟ್ಟುವ ಯಂತ್ರ ಇದು. ಎರಡಿಂಚಿನ ಮ್ಯಾಗ್ನೆಟ್ರಾನ್ (ಆಯಸ್ಕಾಂತದಿಂದ ಪ್ಲಾಸ್ಮಾವನ್ನು ಹಿಡಿದಿಡುವ ಭಾಗ), ದ್ರವ ಸಾರಜನಕದಿಂದ ತಣಿಯುವ ಗೋಡೆ, ತುದಿಯಲ್ಲಿ ಕೆಲವೇ ಮಿಲಿಮೀಟರಿನ ತೂತು: ಯಂತ್ರ ಇಷ್ಟೇ. ಆರ್ಗಾನ್ ಪ್ಲಾಸ್ಮಾ ಮ್ಯಾಗ್ನೆಟ್ರಾನ್ ಮೇಲಿನ ಬೆಳ್ಳಿ ಬಿಲ್ಲೆಯಿಂದ (ಟಾರ್ಗೆಟ್) ಪರಮಾಣುಗಳನ್ನು ಕಿತ್ತೆಬ್ಬಿಸುತ್ತದೆ, 0.1ರಿಂದ 1 ಮಿಲಿಬಾರ್ ಒತ್ತಡದ ತಣ್ಣನೆ ಅನಿಲದಲ್ಲಿ ಅವು ಗುಂಪುಗಟ್ಟುತ್ತವೆ. ಮ್ಯಾಗ್ನೆಟ್ರಾನನ್ನು ತೂತಿನಿಂದ ಹಿಂದಕ್ಕೆ ಎಳೆದಷ್ಟೂ ಕ್ಲಸ್ಟರ್ ಸಾಮಾನ್ಯವಾಗಿ ದೊಡ್ಡದಾಗುತ್ತದೆ, ಹೀಲಿಯಂ ಬೆರೆಸಿದರೆ ಚಿಕ್ಕದು. ಈ ಸರಿಸುವ ವ್ಯವಸ್ಥೆ ಬಲು ನುಣುಪು, ಅದಕ್ಕೆ ಪೂರ್ತಿ ಅಂಕ.

ತಕರಾರು ಟಾರ್ಗೆಟ್‌ನದು. ಅದು ಉಂಗುರದಾಕಾರದಲ್ಲಿ ಸವೆದು ಗುಂಡಿ ಬಿದ್ದಂತೆ ಮೇಲ್ಮೈಯ ಕಾಂತಕ್ಷೇತ್ರ ಬದಲಾಗುತ್ತದೆ. ನಿನ್ನೆಯ ಸೆಟ್ಟಿಂಗಿಗೆ ಇವತ್ತು ಅದೇ ಗಾತ್ರ ಬರುವುದಿಲ್ಲ. ಕೈಪಿಡಿಯಲ್ಲಿ ಇದರ ಸೊಲ್ಲೇ ಇಲ್ಲ! ಕ್ಲಸ್ಟರ್‌ಗಳನ್ನು ತೂಕದಂತೆ ಬೇರ್ಪಡಿಸುವ ಮಾಸ್ ಫಿಲ್ಟರ್‌ನಲ್ಲಿ ದಿನವೂ ಗಾತ್ರ ಅಳೆಯಿರಿ.

ಮ್ಯಾಗ್ನೆಟ್ರಾನಿನ ಕೂಲಿಂಗಿಗೆ ಇಲ್ಲಿನ ಗಡಸು ಬೋರ್‌ವೆಲ್ ನೀರು ಬೇಡವೇ ಬೇಡ. ಕೊಳವೆಯಲ್ಲಿ ಸುಣ್ಣ ಕಟ್ಟಿದರೆ ಆಯಸ್ಕಾಂತ ಕಾದು ಬಲ ಕಳೆದುಕೊಳ್ಳುತ್ತದೆ. ಚಿಲ್ಲರ್‌ಗೆ ಡಿಸ್ಟಿಲ್ಡ್ ನೀರೇ ಸರಿ. ನೀರಿನ ಹರಿವು ನಿಂತರೆ ಯಂತ್ರ ಆರಿಸುವ ಫ್ಲೋ ಸ್ವಿಚ್‌ಗೆ ಬೇರೆ ದುಡ್ಡು ಕೇಳುವುದು ಮಾತ್ರ ಜಿಪುಣತನ.